ಕಳ್ಳ ಹಕ್ಕಿಯ ಮೇಲೊಂದು ಆರೋಪ

ಶಾಲೆಯ ಬೇಲಿಯ ಮೇಲೆ ಕೂತು ಸಿಳ್ಳೆ ಹಾಕುವ ಮಡಿವಾಳ ಹಕ್ಕಿಯನ್ನು ತೋರಿಸಿ, ‘ಇಂಗ್ಲಿಷಿನಲ್ಲಿ ಇದಕ್ಕೆ ಮ್ಯಾಗ್‌ಪೈ ರಾಬಿನ್ ಎನ್ನುತ್ತಾರೆ’ ಎಂದರೆ ಮಕ್ಕಳು ಕೂಡಲೇ ಕೇಳುತ್ತಾರೆ: ‘ಕಥೆಯಲ್ಲಿ ಬರುವ ಕಳ್ಳ ಮ್ಯಾಗ್‌ಪೈ ಇದೇನಾ ಸಾರ್?’ ಅಲ್ಲ. ಮೈಯ ಕಪ್ಪು-ಬಿಳುಪಿನಿಂದ ಬಂದ ಹೆಸರಷ್ಟೆ. ನಿಜವಾದ ಮ್ಯಾಗ್‌ಪೈ ಕಾಗೆಯ ಕುಲಕ್ಕೆ ಸೇರಿದ್ದು. ನಮ್ಮ ತೋಟಗಳಲ್ಲಿ ಉದ್ದ ಬಾಲದೊಡನೆ ಹಾರಾಡುವ ಮಟಪಕ್ಷಿ ಅದರ ದಾಯಾದಿ.

ಮ್ಯಾಗ್‌ಪೈ ನೋಡಬೇಕೆಂದರೆ ನಮ್ಮವರು ಲಡಾಖ್‌ನಂಥ ಎತ್ತರದ ಸೀಮೆಗೆ ಹೋಗಬೇಕು. ಯೂರೋಪಿನಲ್ಲಾದರೋ ಅದು ಊರೊಳಗಿನ ಹಕ್ಕಿ. ಉದ್ದ ಸುಮಾರು 45 ಸೆಂ.ಮೀ.; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ! ದೂರಕ್ಕೆ ಕಪ್ಪಾಗಿ ಕಂಡರೂ ಬಿಸಿಲು ಬಿದ್ದಾಗ ರೆಕ್ಕೆ ನೀಲಿಯಾಗಿ, ಬಾಲ ಹಸಿರಾಗಿ ಮಿನುಗುತ್ತದೆ. ಹುಳುಹುಪ್ಪಟೆ, ಕಾಳು, ಹಣ್ಣು, ಬೇರೆ ಹಕ್ಕಿಗಳ ಮೊಟ್ಟೆ, ಏನು ಸಿಕ್ಕರೂ ತಿನ್ನುತ್ತದೆ. ಗೂಡಂತೂ ಪುಟ್ಟ ಕೋಟೆ. ಒಳಗೆ ಮಣ್ಣು ಮೆತ್ತಿದ ಬಟ್ಟಲು, ಮೇಲೆ ಮುಳ್ಳುಕಡ್ಡಿಗಳ ಗುಮ್ಮಟ.

ಕೊರಿಯಾದಲ್ಲಿ ಬೆಳಿಗ್ಗೆ ಮ್ಯಾಗ್‌ಪೈ ಕೂಗಿದರೆ ನೆಂಟರು ಬರುತ್ತಾರಂತೆ, ನಮ್ಮಲ್ಲಿ ಕಾಗೆ ಕೂಗಿದ ಹಾಗೆ. ಅಲ್ಲಿನ ಇನ್ನೊಂದು ಕಥೆ ಸೊಗಸಾಗಿದೆ. ದನಗಾಹಿ ಯುವಕ ಮತ್ತು ನೇಯುವ ಯುವತಿ ಆಕಾಶಗಂಗೆಯ ಎರಡು ದಡಗಳಲ್ಲಿ ಅಗಲಿದ್ದಾರೆ. ಅವರು ಬೇರೆ ಯಾರೂ ಅಲ್ಲ, ನಮ್ಮ ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳು! ಏಳನೆಯ ತಿಂಗಳ ಏಳನೆಯ ದಿನ ಕಾಗೆ, ಮ್ಯಾಗ್‌ಪೈಗಳೆಲ್ಲ ಸೇರಿ ಸೇತುವೆಯಾಗಿ ಅವರನ್ನು ಕೂಡಿಸುತ್ತವೆ. ಆಮೇಲೆ ಮ್ಯಾಗ್‌ಪೈಗಳ ತಲೆ ಬೋಳಾಗಿ ಕಾಣುವುದು ಅವರ ಕಾಲ್ತುಳಿತದಿಂದ ಎಂಬುದು ನಂಬಿಕೆ. ಅದು ಹಕ್ಕಿ ಹಳೆಯ ಗರಿ ಉದುರಿಸುವ ಕಾಲ ಎನ್ನುತ್ತದೆ ವಿಜ್ಞಾನ.

ಯೂರೋಪಿನಲ್ಲಿ ಮಾತ್ರ ಇದಕ್ಕೆ ಒಳ್ಳೆಯ ಹೆಸರಿಲ್ಲ. ಇಂಗ್ಲೆಂಡಿನಲ್ಲಿ ಒಂಟಿ ಮ್ಯಾಗ್‌ಪೈ ಅಪಶಕುನ. ಹೊಳೆಯುವ ವಸ್ತು ಕದಿಯುತ್ತದೆ ಎಂಬ ಅಪವಾದ ಬೇರೆ. 1817ರಲ್ಲಿ ಇಟಲಿಯ ರೊಸ್ಸಿನಿ ರಚಿಸಿದ ‘ಕಳ್ಳ ಮ್ಯಾಗ್‌ಪೈ’ ಗೀತನಾಟಕದಲ್ಲಿ ಬೆಳ್ಳಿ ಚಮಚ ಕದ್ದಳೆಂದು ಮನೆಗೆಲಸದ ಹುಡುಗಿಗೆ ಮರಣದಂಡನೆಯಾಗುತ್ತದೆ. ಕೊನೆಗೆ ಕದ್ದದ್ದು ಮ್ಯಾಗ್‌ಪೈ ಎಂದು ತಿಳಿದು ಅವಳು ಬದುಕುತ್ತಾಳೆ.

ಈ ಕಥೆಯನ್ನು ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಒಂದು ವರ್ಷ ಬಣ್ಣದ ಗುಂಡಿ, ಚಾಕೊಲೇಟಿನ ಬೆಳ್ಳಿಕಾಗದ ಕೂಡಿಡುತ್ತಿದ್ದ ಹುಡುಗನೊಬ್ಬನಿಗೆ ಗೆಳೆಯರು ‘ಮ್ಯಾಗ್‌ಪೈ’ ಎಂದೇ ಹೆಸರಿಟ್ಟರು. ಒಂದು ದಿನ ಯಾರದೋ ವಾಚು ಕಳೆಯಿತು. ಎಲ್ಲರೂ ಅವನತ್ತ ನೋಡಿದರು. ನಾನೂ ಮೊದಲು ತೆರೆಸಿದ್ದು ಅವನ ಚೀಲವನ್ನೇ. ವಾಚು ಸಿಕ್ಕಿದ್ದು ಕೈ ತೊಳೆಯುವ ನಲ್ಲಿಯ ಕಟ್ಟೆಯ ಮೇಲೆ. ಆದರೂ ಹತ್ತನೆಯ ತರಗತಿ ಮುಗಿಯುವವರೆಗೆ ಆ ಹೆಸರು ಅವನನ್ನು ಬಿಡಲಿಲ್ಲ.

2014ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಈ ಅಪವಾದವನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಮ್ಯಾಗ್‌ಪೈಗಳಿಗೆ ಇಟ್ಟ ಕಡಲೆಬೀಜದಂಥ ತಿನಿಸಿನ ಪಕ್ಕದಲ್ಲೇ ಹೊಳೆಯುವ ಸ್ಕ್ರೂ, ಬೆಳ್ಳಿಕಾಗದದ ಉಂಗುರಗಳನ್ನಿಟ್ಟರು. ಹೊಳಪಿಲ್ಲದ ನೀಲಿ ಬಣ್ಣ ಬಳಿದ ಅಂಥವೇ ವಸ್ತುಗಳನ್ನೂ ಇಟ್ಟರು. 64 ಸಲದ ಪರೀಕ್ಷೆಯಲ್ಲಿ ಹಕ್ಕಿಗಳು ಹೊಳೆಯುವ ವಸ್ತುವನ್ನು ಕಚ್ಚಿದ್ದು ಎರಡೇ ಸಲ, ಅದೂ ಕೂಡಲೇ ಬಿಸುಟವು. ಅಷ್ಟೇ ಅಲ್ಲ, ಹೊಸ ವಸ್ತುಗಳು ಹತ್ತಿರವಿದ್ದಾಗ ಅಂಜಿ ತಿನ್ನುವುದನ್ನೇ ಕಡಿಮೆ ಮಾಡಿದವು.

ಈಗ ರೊಸ್ಸಿನಿಯ ಕಥೆ ಹೇಳಿದಾಗಲೆಲ್ಲ ಈ ಸ್ಕ್ರೂಗಳ ಪ್ರಯೋಗವನ್ನೂ ಹೇಳುತ್ತೇನೆ. ಮೊನ್ನೆ ಮುಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: ‘ಹಾಗಾದರೆ ಆ ಚಮಚ ಕದ್ದದ್ದು ಯಾರು ಸಾರ್?’