ನೀರಿನ ದಾರಿ ಬಲ್ಲ ಟಾರ್ಪಾಲು ಮಾಸ್ಟ್ರು

ಮಲೆನಾಡಿನ ಯಾವ ಪೇಟೆಗೆ ಹೋದರೂ ಎಪಿಎಂಸಿ ಯಾರ್ಡಿನ ಸುತ್ತಮುತ್ತ, ಪಂಕ್ಚರ್ ಅಂಗಡಿ, ಬ್ಯಾಟರಿ ಅಂಗಡಿ, ಹಗ್ಗ ಸರಪಳಿ ಮಾರುವ ಅಂಗಡಿಗಳ ನಡುವೆ ಒಂದು ಟಾರ್ಪಾಲು ಅಂಗಡಿ ಇದ್ದೇ ಇರುತ್ತದೆ. ಉತ್ತರ ಕರ್ನಾಟಕದ ಕಡೆ ತಾಡಪತ್ರಿ ಅಂಗಡಿ ಎಂದು ಕೇಳಬೇಕು. ಮುಂದೆ ನೀಲಿ, ಹಳದಿ, ಕಪ್ಪು ಶೀಟುಗಳ ಸುರುಳಿಗಳು. ಒಳಗೆ ನೆಲದ ತುಂಬಾ ಹಾಸಿದ ದಪ್ಪ ಬಟ್ಟೆ, ಅದರ ನಡುವೆ ಒಂದು ಭಾರಿ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಎಲ್ಲರೂ ಮಾಸ್ಟ್ರು ಎಂದೇ ಕರೆಯುವ ಮನುಷ್ಯ. ಅಡಿಕೆ, ಕಾಳುಮೆಣಸು, ಅಕ್ಕಿ, ಸಿಮೆಂಟು, ಯೂರಿಯಾ ಯಾವುದೇ ಆಗಲಿ, ಮಳೆಗಾಲದಲ್ಲಿ ಪಿಕಪ್ ಗಾಡಿಯಲ್ಲಿ ಒಣಗಿದ್ದಂತೆಯೇ ಊರು ತಲುಪಿದೆ ಎಂದರೆ ಅದರಲ್ಲಿ ಈ ಮಾಸ್ಟ್ರ ಪಾಲಿದೆ. ಲೋಡು ನೆನೆದ ದಿನ ಎಲ್ಲರ ಬಾಯಲ್ಲೂ ಇವರ ಹೆಸರು. ನೆನೆಯದ ದಿನ ಯಾರೂ ನೆನೆಯುವುದಿಲ್ಲ. ಈ ಕಸುಬಿನ ಒಳಗೆ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದನ್ನು ಓದುಗರ ಮುಂದಿಡಬೇಕೆನ್ನಿಸಿ ಈ ಬರಹ.

ಒಂದು ಅಂಗಡಿಯಲ್ಲಿ ಕಂಡದ್ದು. ಜೂನ್ ತಿಂಗಳು, ಹೊರಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಪಿಕಪ್ ಡ್ರೈವರ್ ಒಬ್ಬ ಟಾರ್ಪಾಲನ್ನು ಹೆಗಲ ಮೇಲೆ ಹೊತ್ತು ತಂದು ಕೆಳಗೆ ಹಾಕಿದ. "ಮಾಸ್ಟ್ರೇ, ಕಂಡ ಕಂಡಲ್ಲೆಲ್ಲ ತೇಪೆ ಹಾಕ್ಸಿದ್ದಾಯ್ತು, ಆದ್ರೂ ಚೀಲ ನೆನೀತಾವೆ." ಮಾಸ್ಟ್ರು ಟಾರ್ಪಾಲಿನ ಕಡೆ ತಿರುಗಿಯೂ ನೋಡಲಿಲ್ಲ. "ಗಾಡಿ ತಂದಿದೀಯಾ? ನೀರು ಎಲ್ಲಿ ನಿಲ್ತದೆ ತೋರ್ಸಪ್ಪ. ತೂತು ಆಮೇಲೆ ಹುಡುಕಾಣ" ಎಂದು ಎದ್ದು ರಸ್ತೆಗೆ ಹೋದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಪಿಕಪ್ಪಿನ ಹಿಂದಿನ ಬಾಡಿ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ ಎಂದಿಟ್ಟುಕೊಳ್ಳಿ. ಸುಮಾರು ನಾಲ್ಕೂವರೆ ಚದರ ಮೀಟರು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಜೋರು ಮಳೆಗೆ 25 ಮಿ.ಮೀ. ಸುರಿದರೆ ಆ ಪುಟ್ಟ ಟಾರ್ಪಾಲಿನ ಮೇಲೆ ನೂರು ಲೀಟರಿಗೂ ಹೆಚ್ಚು ನೀರು ಬಂದು ಹೋಗಬೇಕು. ಬಂದು ಹೋದರೆ ತೊಂದರೆಯಿಲ್ಲ. ನಡುವೆ ಟಾರ್ಪಾಲು ಜೋತುಬಿದ್ದಿದ್ದರೆ ಅದರಲ್ಲಿ ಒಂದಷ್ಟು ಅಲ್ಲೇ ಗುಂಡಿ ಕಟ್ಟಿ ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಗುಂಡಿ ಇನ್ನಷ್ಟು ಆಳವಾಗುತ್ತದೆ. ಹರಿದು ಹೋಗುವ ನೀರಿಗೆ ಸೂಜಿಯ ತೂತು ಲೆಕ್ಕಕ್ಕಿಲ್ಲ; ಅದೇ ತೂತಿನ ಮೇಲೆ ನಾಲ್ಕು ಬೆರಳು ನೀರು ನಿಂತರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಹೀಗಾಗಿ ಒಳ್ಳೆಯ ಮಾಸ್ಟ್ರ ಮೊದಲ ಮದ್ದು ತೇಪೆಯಲ್ಲ, ಕಮಾನು. ಬಾಡಿಯ ಎರಡು ಬದಿಗೆ ಸಿಕ್ಕಿಸುವ ಕಬ್ಬಿಣದ ಪೈಪಿನ ಕಮಾನುಗಳು, ಅವುಗಳ ನೆತ್ತಿಯ ಉದ್ದಕ್ಕೂ ಒಂದು ಪೈಪು. ಕಮಾನು ಹಾಕಿಸಲು ಮನಸ್ಸಿಲ್ಲದವರು ಚೀಲಗಳನ್ನೇ ನಡುವೆ ಒಂದು ಸಾಲು ಎತ್ತರ ಜೋಡಿಸಿ ಬೆನ್ನು ಮಾಡಿಕೊಳ್ಳಬಹುದು. ಅಂದು ಆ ಡ್ರೈವರಿಗೆ ಸಿಕ್ಕ ಸಲಹೆಯೂ ಅದೇ.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಮಾಸ್ಟ್ರು ಟಾರ್ಪಾಲಿನ ಅಂಚನ್ನು ಹಿಡಿದು ತೋರಿಸಿದರು. ಗಾಳಿಗೆ ಹಾರದಿರಲೆಂದು ಡ್ರೈವರ್ ಅಂಚನ್ನು ಬಾಡಿಯ ಒಳಕ್ಕೆ ಸಿಕ್ಕಿಸಿ ಮೇಲೆ ಚೀಲ ಹೇರಿದ್ದ. ನೋಡಲು ಅಚ್ಚುಕಟ್ಟು, ಆದರೆ ಟಾರ್ಪಾಲಿನ ಮೇಲೆ ಹರಿದ ಅಷ್ಟೂ ನೀರು ಬಾಡಿಯ ಒಳಕ್ಕೇ ಇಳಿಯುತ್ತಿತ್ತು. ಅಂಚು ಬಾಡಿಯ ಹೊರಗೆ ಕನಿಷ್ಠ ಒಂದಡಿ ಇಳಿಬಿದ್ದಿರಬೇಕು, ಹಗ್ಗ ಕಟ್ಟುವ ರಿಂಗುಗಳು ಆ ಇಳಿಬಿದ್ದ ಭಾಗದಲ್ಲೇ ಇರಬೇಕು. ರಿಂಗು ಎಂದರೆ ಅದೂ ಒಂದು ತೂತೇ. ಹಿತ್ತಾಳೆಯದಾಗಲಿ ಅಲ್ಯೂಮಿನಿಯಮ್ಮಿನದಾಗಲಿ, ಬಾಡಿಯ ಅಂಚಿಗಿಂತ ಮೇಲೆ ಬಂದರೆ ನೀರಿಗೆ ಬಾಗಿಲು ತೆರೆದಂತೆ. ಹಗ್ಗದ ವಿಷಯವೂ ಇದೆ. ಒದ್ದೆ ಹಗ್ಗದ ಮೈಯನ್ನು ಹಿಡಿದುಕೊಂಡು ನೀರು ಎಷ್ಟು ದೂರವಾದರೂ ಸಾಗುತ್ತದೆ. ಹಗ್ಗದ ಕೊನೆ ಬಾಡಿಯ ಒಳಗಿನ ಕೊಕ್ಕೆಗೆ ಹೋಗಿದ್ದರೆ ಆ ಕೊಕ್ಕೆಯ ಕೆಳಗಿನ ಚೀಲ ನೆನೆಯುತ್ತದೆ, ಟಾರ್ಪಾಲು ಹೊಚ್ಚ ಹೊಸದಾದರೂ ಸರಿ. ಹೊರಗಿನ ಕೊಕ್ಕೆಗೇ ಕಟ್ಟಬೇಕು. ಒಳಗೆ ಹೋಗಲೇಬೇಕಾದರೆ ಹಗ್ಗ ಒಮ್ಮೆ ಕೆಳಕ್ಕೆ ಜೋತು ಆಮೇಲೆ ಮೇಲೇರುವಂತೆ ಬಿಡಬೇಕು. ಆ ತಗ್ಗಿನಲ್ಲಿ ನೀರು ತೊಟ್ಟಿಕ್ಕಿ ಅಲ್ಲೇ ಬಿದ್ದುಹೋಗುತ್ತದೆ.

ಈಗ ಬಟ್ಟೆಯ ಮಾತು. ಹಡಗಿನ ಹಾಯಿಬಟ್ಟೆಗೆ ಡಾಂಬರು ಬಳಿದು ಸರಕು ಮುಚ್ಚುತ್ತಿದ್ದ ನಾವಿಕರಿಂದ ಶುರುವಾದ ಕಸುಬು ಇದು. ನಮ್ಮ ಲಾರಿಗಳ ಮೇಲೆ ಬಹುಕಾಲ ಇದ್ದದ್ದು ಮೇಣ ಹಿಡಿಸಿದ ದಪ್ಪ ಹತ್ತಿ ಕ್ಯಾನ್ವಾಸು. ಅದರ ಗುಣವೇ ಬೇರೆ. ನೆನೆದಾಗ ಹತ್ತಿಯ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹೊಸ ಕ್ಯಾನ್ವಾಸು ಮೊದಲ ಮಳೆಗೆ ಸ್ವಲ್ಪ ಜಿನುಗಿ, ಆಮೇಲೆ ಬಿಗಿಯಾಗುತ್ತದೆ. ಆದರೆ ಮಳೆ ಬೀಳುತ್ತಿರುವಾಗ ಒಳಗಿನಿಂದ ಕೈಬೆರಳು ತಾಗಿಸಿದರೆ, ಚೀಲದ ಮೂಲೆ ಒತ್ತಿಕೊಂಡಿದ್ದರೆ, ಸರಿಯಾಗಿ ಅಲ್ಲೇ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಕ್ಯಾನ್ವಾಸಿಗೂ ಲೋಡಿಗೂ ನಡುವೆ ಗಾಳಿಯಾಡುವ ಜಾಗ ಬೇಕು ಎಂದು ಹಳೇ ಲಾರಿಯವರು ಹೇಳುತ್ತಿದ್ದದ್ದು ಇದಕ್ಕೇ.

ಇಂದು ಹೆಚ್ಚಾಗಿ ಕಾಣುವ ನೀಲಿ, ಕಪ್ಪು ಶೀಟು ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ನೇಯ್ದು ಎರಡೂ ಬದಿಗೆ ತೆಳು ಪದರ ಹೊದಿಸಿದ್ದು. ಹತ್ತಿ ಟಾರ್ಪಾಲಿಗೆ ಐಎಸ್ 2089, ಇದಕ್ಕೆ ಐಎಸ್ 7903 ಎಂದು ಭಾರತೀಯ ಮಾನಕಗಳಿವೆ. ಕೊಳ್ಳುವಾಗ ಕೇಳಬೇಕಾದದ್ದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬುದು. ಮನೆಯ ಸೌದೆ ಮುಚ್ಚಲು ನೂರರ ಆಸುಪಾಸಿನದು ಸಾಕು. ದಿನಾ ಗಾಳಿಯಲ್ಲಿ ಪಟಪಟಿಸುವ ಗಾಡಿಗೆ 200 ದಾಟಿದ್ದೇ ಬೇಕು. ಇದರ ಶತ್ರು ಮಳೆಗಿಂತ ಬಿಸಿಲು. ಬಿಸಿಲು ತಡೆಯುವ ರಾಸಾಯನಿಕ ಸೇರಿಸದ ಅಗ್ಗದ ಶೀಟು ಬೇಸಿಗೆ ಕಳೆಯುವಷ್ಟರಲ್ಲಿ ಪದರ ಉದುರಿ, ಮುಟ್ಟಿದರೆ ಕೈಗೆ ಪುಡಿ ಅಂಟುತ್ತದೆ. ಇನ್ನೊಂದು ಸಂಗತಿಯನ್ನು ಗಾಡಿ ಇಟ್ಟುಕೊಂಡವರೆಲ್ಲ ತಿಳಿದಿರಬೇಕು: ಈ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು, ಸಿಲಿಕೋನ್ ಯಾವುದೂ ನಿಲ್ಲುವುದಿಲ್ಲ. ಹಚ್ಚಿದಾಗ ಹಿಡಿದಂತೆ ಕಂಡು ಎರಡು ದಿನಕ್ಕೆ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೆ ಬಿಸಿ ಕೊಟ್ಟೇ ಬೆಸೆಯಬೇಕು. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಬಳಿದ ದಪ್ಪ ಟಾರ್ಪಾಲು ಹಾಗಲ್ಲ, ಅದಕ್ಕೆ ಪಿವಿಸಿಯ ಸಲ್ಯೂಷನ್ನೂ ಹಿಡಿಯುತ್ತದೆ, ಬಿಸಿಗಾಳಿಯ ಬೆಸುಗೆಯೂ ಹಿಡಿಯುತ್ತದೆ. ತೂಕ ಹೆಚ್ಚು, ದುಡ್ಡೂ ಹೆಚ್ಚು. ಆದರೆ ವರ್ಷವಿಡೀ ದುಡಿಯುವ ಗಾಡಿಗೆ ನನ್ನ ಓಟು ಇದಕ್ಕೇ.

ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು. ಎರಡು ಪಟ್ಟಿಗಳನ್ನು ಸುಮ್ಮನೆ ಅಕ್ಕಪಕ್ಕ ಇಟ್ಟು ಹೊಲಿಯುವುದಿಲ್ಲ. ಒಂದರ ಅಂಚನ್ನು ಮೇಲಕ್ಕೆ, ಇನ್ನೊಂದರದ್ದನ್ನು ಕೆಳಕ್ಕೆ ಮಡಿಸಿ, ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ, ಮೇಲೆ ಎರಡು ಸಾಲು ಹೊಲಿಗೆ. ಮಡಿಕೆಯ ಬಾಯಿ ಯಾವಾಗಲೂ ಇಳಿಜಾರಿನ ಕಡೆಗೆ. ತಿರುವುಮುರುವಾದರೆ ಅದೇ ಮಡಿಕೆ ನೀರು ಹಿಡಿಯುವ ಜೇಬಾಗುತ್ತದೆ. ಕ್ಯಾನ್ವಾಸಿಗೆ ಹೊಲಿಯುವಾಗ ಹತ್ತಿಯ ದಾರವನ್ನು ಮೇಣದ ಉಂಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಮಳೆಗೆ ದಾರ ಉಬ್ಬಿ ಸೂಜಿಯ ತೂತನ್ನು ತುಂಬಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಈ ಉಪಕಾರ ಇಲ್ಲ. ಹೊಲಿಗೆಯ ಮೇಲೆ ಪಟ್ಟಿ ಬೆಸೆಯದಿದ್ದರೆ ಹೊಲಿದ ಸಾಲೇ ಸೋರುವ ಸಾಲು. ಅಂಚಿನ ಮಡಿಕೆಯೊಳಗೆ ಹಗ್ಗ ಇಟ್ಟು ಹೊಲಿಯುವುದು, ರಿಂಗು ಹೊಡೆಯುವ ಮೊದಲು ಅಲ್ಲಿಗೆ ಇನ್ನೊಂದು ಪದರ ಕೊಡುವುದು ಇವೆಲ್ಲ ಎಳೆತ ತಾಳಲು. ಬಾಡಿಯ ಕಬ್ಬಿಣದ ಮೂಲೆ ತಾಗುವಲ್ಲಿ ಹಳೇ ಟ್ಯೂಬಿನ ತುಂಡು. ತೇಪೆಯ ಮೂಲೆಗಳನ್ನು ಗುಂಡಗೆ ಕತ್ತರಿಸುವುದನ್ನು ಗಮನಿಸಿ, ಚೂಪು ಮೂಲೆಯೇ ಮೊದಲು ಏಳುವುದು.

ಗಾಡಿ ನಿಂತಾಗ ಸೋರದ ಟಾರ್ಪಾಲು ಓಡುವಾಗ ಸೋರುವುದೇಕೆ ಎಂದು ಡ್ರೈವರುಗಳು ಕೇಳುವುದುಂಟು. ದೊಡ್ಡ ಮಳೆಹನಿ ಕೆಳಗಿಳಿಯುವ ವೇಗ ಗಂಟೆಗೆ ಮೂವತ್ತು ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಗಾಡಿ ಅರವತ್ತರಲ್ಲಿ ಹೋಗುತ್ತಿದ್ದರೆ ಆ ಹನಿ ಗಾಡಿಯ ಪಾಲಿಗೆ ಮೇಲಿಂದ ಬೀಳುವುದಕ್ಕಿಂತ ಮುಂದಿನಿಂದ ಬಡಿಯುವುದೇ ಹೆಚ್ಚು. ಕ್ಯಾಬಿನ್ನಿಗಿಂತ ಎತ್ತರ ತುಂಬಿದ ಲೋಡಿನ ಮುಂಭಾಗ ಅದಕ್ಕೇ ನೆನೆಯುವುದು. ಎರಡು ಟಾರ್ಪಾಲು ಹಾಕುವುದಾದರೆ ಹಿಂದಿನದನ್ನು ಮೊದಲು ಹೊದಿಸಿ, ಅದರ ಮೇಲೆ ಮುಂದಿನದು ಬರಬೇಕು, ಹಂಚು ಹೊದಿಸಿದ ಹಾಗೆ. ಗಾಳಿಯ ಬಾಯಿಗೆ ಸಂದು ಸಿಗಬಾರದು. ಹಿಂದಿನ ಡೋರಿನ ಕಥೆ ಇನ್ನೊಂದು. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ಚಕ್ರ ಎಬ್ಬಿಸಿದ ಕೆಸರು ನೀರು, ಬೇಸಿಗೆಯಲ್ಲಾದರೆ ಧೂಳು, ಸುತ್ತಿ ಬಂದು ಸಂದಿಯಲ್ಲಿ ಒಳಸೇರುತ್ತದೆ. ಡೋರನ್ನು ಪೂರ್ತಿ ಮುಚ್ಚುವ ಉದ್ದದ ಮಡಿಲು ಬಿಟ್ಟು ಹೊಲಿಸಿದರಷ್ಟೇ ಇದಕ್ಕೆ ಪರಿಹಾರ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಘಾಟಿಯಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲ. ಅಲ್ಲಿ ಸರಕು ಇಳಿಸುವ, ಏರಿಸುವ ಕೆಲಸವೆಲ್ಲ ಪಿಕಪ್‌ನಂಥ ಗಾಡಿಗಳದ್ದೇ. ಮುಂದಿನಿಂದಲೂ ಹಿಂದಿನಿಂದಲೂ ನೀರು ನುಗ್ಗುವ ಆ ತಿರುವುಗಳಲ್ಲಿ ಹೊಲಿಗೆಯ ನಿಜವಾದ ಪರೀಕ್ಷೆ.

ಸಣ್ಣ ಗಾಡಿಗಳು ಈ ಕಸುಬನ್ನೂ ಬದಲಾಯಿಸಿವೆ. 2005ರಲ್ಲಿ ಟಾಟಾ ಏಸ್ ಬಂತು, ಪಿಕಪ್ಪುಗಳು ಹಳ್ಳಿ ಹಳ್ಳಿ ಸೇರಿದವು. ಲಾರಿಯ ಭಾರಿ ಟಾರ್ಪಾಲಿನ ಜಾಗಕ್ಕೆ ಒಂದೊಂದು ಗಾಡಿಗೆ ಒಂದೊಂದು ಅಳತೆಯ ಹೊದಿಕೆ ಬಂತು. ಅತ್ತ ಪಿಕಪ್ಪಿನ ತವರಾದ ಅಮೆರಿಕದಲ್ಲಿ ಸಂಸಾರಸ್ಥರೂ ಪಿಕಪ್ ಓಡಿಸುತ್ತಾರೆ, ಅದರ ಬಾಡಿಯ ಮೇಲೆ ಚಪ್ಪಟೆಯಾಗಿ ಕೂರುವ ಟಾನೋ ಕವರುಗಳ ದೊಡ್ಡ ಉದ್ಯಮವೇ ಇದೆ. ಸುತ್ತಿಡುವ ವಿನೈಲಿನವು, ಮಡಚುವ ಗಟ್ಟಿ ಹಲಗೆಯವು, ಡಬ್ಬಿಯೊಳಗೆ ಸರಿದುಹೋಗುವವು. ಕ್ಯಾಬಿನ್ನಿಗೆ ತಾಗುವ ಅಂಚಿನಲ್ಲಿ, ಬದಿಗಳ ಮೇಲೆ, ಹಿಂಬಾಗಿಲ ಸುತ್ತ ರಬ್ಬರ್ ಬೀಡಿಂಗು. ಅಲ್ಲಿನವರ ದೂರೂ ಅದೇ, ನೀರು ಒಳಗೆ ಬರುತ್ತದೆ ಎಂಬುದು. ಕಾರಣಗಳೂ ಪರಿಚಿತವೇ: ಮೂಲೆಯಲ್ಲಿ ತುಂಡಾದ ಬೀಡಿಂಗು, ಹೆಚ್ಚು ಬಿಗಿದು ಅದನ್ನು ಚಪ್ಪಟೆ ಮಾಡಿದ ಕ್ಲಾಂಪು, ಬಾಗಿಲಿನ ಕೆಳಗೆ ಕಂಪನಿಯೇ ಬಿಟ್ಟ ಸಂದು. ಸರಿದುಹೋಗುವ ಕವರಿನ ಡಬ್ಬಿಗೆ ಬಂದ ನೀರನ್ನು ಹೊರಬಿಡಲು ಎರಡು ಮೂಲೆಗೆ ಸಣ್ಣ ಪೈಪುಗಳಿರುತ್ತವೆ. ಎಲೆ ಕಸ ಕಟ್ಟಿ ಅವು ಮುಚ್ಚಿದರೆ ನೀರೆಲ್ಲ ಬಾಡಿಯೊಳಗೆ. ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟ ಹೈಲಕ್ಸ್‌ನಂಥ ಗಾಡಿಗಳ ಜೊತೆ ಈ ಕವರುಗಳು ನಮ್ಮ ರಸ್ತೆಗೂ ಬಂದಿವೆ. ಅಂಥ ಗಾಡಿ ಇಟ್ಟುಕೊಂಡವರು ಬೀಡಿಂಗಿಗೆ ಸಿಲಿಕೋನ್ ಮೆತ್ತುವ ಮೊದಲು ಆ ಪೈಪಿನಲ್ಲಿ ಒಂದು ಚೊಂಬು ನೀರು ಬಿಟ್ಟು ಕೆಳಗೆ ಬರುತ್ತದೆಯೇ ನೋಡಲಿ.

ಎಲ್ಲಿ ಸೋರುತ್ತಿದೆ ಎಂದು ಪತ್ತೆಮಾಡಲು ಮಾಸ್ಟ್ರುಗಳದ್ದು ಸರಳ ವಿಧಾನ. ನಡುಹಗಲಲ್ಲಿ ಹೊದಿಕೆಯೊಳಗೆ ಹೊಕ್ಕು ಕುಳಿತರೆ ಬೆಳಕು ಬರುವ ತೂತುಗಳೆಲ್ಲ ಕಾಣುತ್ತವೆ, ಸುತ್ತ ಸೀಮೆಸುಣ್ಣದ ಗುರುತು. ಸಂದುಗಳ ಸೋರಿಕೆ ಬೆಳಕಿಗೆ ಸಿಗದು. ಅದಕ್ಕೆ ಬಾಡಿಯ ನೆಲ ಒಣಗಿಸಿ ಸುಣ್ಣದ ಪುಡಿ ಉದುರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನ ಅಂಚಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ನೆತ್ತಿಯಿಂದ ಸುರಿದರೆ ಎಲ್ಲ ಕಡೆಯೂ ಒಟ್ಟಿಗೇ ನೆನೆದು ಏನೂ ತಿಳಿಯುವುದಿಲ್ಲ. ಪುಡಿಯಲ್ಲಿ ಮೂಡಿದ ಗೆರೆ ನೀರು ಬಂದ ಕಡೆ ತೋರಿಸುತ್ತದೆ.

ಸೋರಿಕೆಯೇ ಅಲ್ಲದ ನೀರೂ ಇದೆ. ಹಸಿ ಶುಂಠಿ, ತರಕಾರಿ, ಸರಿಯಾಗಿ ಒಣಗದ ಭತ್ತ ಹೇರಿ ಪ್ಲಾಸ್ಟಿಕ್ ಬಿಗಿದರೆ ಲೋಡಿನ ಆವಿ ಮೇಲೇರಿ, ಘಾಟಿಯ ತಂಪಿಗೆ ಶೀಟಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಚೀಲದ ಮೇಲೆಯೇ ಬೀಳುತ್ತದೆ. ಇದಕ್ಕೆ ಎಷ್ಟು ತೇಪೆ ಹಾಕಿದರೂ ಉಪಯೋಗವಿಲ್ಲ, ಬಿಗಿ ಮಾಡಿದಷ್ಟೂ ಹೆಚ್ಚು. ಮಳೆ, ಕೆಸರು ನೀರು ಬಡಿಯದ ಕಡೆ ನೋಡಿ ಗಾಳಿಗೆ ಸಂದು ಬಿಡಬೇಕು. ಬಾಡಿಯ ನೆಲದ ತೂತುಗಳನ್ನು ಮುಚ್ಚುವವರೂ ಇದ್ದಾರೆ, ಅದು ಬೇಡವೇ ಬೇಡ. ಒಳಬಂದ ನೀರು ಹೊರಹೋಗುವುದು ಅಲ್ಲಿಂದಲೇ. ಚಕ್ರದ ನೀರು ಕೆಳಗಿನಿಂದ ಎರಚುತ್ತದೆ ಎನ್ನುವವರು ಮರದ ಪಟ್ಟಿಗಳನ್ನು ಹಾಸಿ, ಚೀಲ ನೆಲದಿಂದ ಎರಡು ಬೆರಳು ಮೇಲಿರುವಂತೆ ಪೇರಿಸಲಿ. ಸಿಮೆಂಟು, ಯೂರಿಯಾ ಹೇರುವವರಿಗೆ ಈ ಮಾತು ಇನ್ನೂ ಮುಖ್ಯ. ಎರಡೂ ಗಾಳಿಯ ತೇವಕ್ಕೇ ಗಟ್ಟಿಯಾಗುವ ಸರಕು.

ಹೊಸ ಟಾರ್ಪಾಲು ಹೊಲಿಸುವವರು ಏಪ್ರಿಲ್‌ನಲ್ಲೇ ಹೋಗುವುದು ಒಳ್ಳೆಯದು. ಜೂನ್ ಹತ್ತಿರ ಬಂದರೆ ಅಂಗಡಿಯ ಮುಂದೆ ಗಾಡಿಗಳ ಸಾಲು, ಮಾಸ್ಟ್ರಿಗೂ ಅಳತೆ ಕೂಡಿಸಿ ನೋಡುವಷ್ಟು ಪುರುಸೊತ್ತಿರದು. ಅಳತೆ ಚೀಟಿ ಕಳುಹಿಸಬೇಡಿ, ಗಾಡಿಯನ್ನೇ ಒಯ್ಯಿರಿ. ಖಾಲಿ ಗಾಡಿಯಲ್ಲ, ನೀವು ದಿನಾ ಹೇರುವಷ್ಟು ಎತ್ತರದ ಲೋಡು ಸಮೇತ.