ಮುಂಡಾ ಭಾಷೆಗಳ ನೆರೆಯೂ ನಂಟೂ

ನೆರೆಯವರೆಲ್ಲ ನಂಟರಲ್ಲ, ಈ ಮಾತು ಭಾಷೆಗಳಿಗೂ ಸಲ್ಲುತ್ತದೆ. ಛೋಟಾನಾಗಪುರದಲ್ಲಿ ಮುಂಡಾರಿ, ಕುಡುಖ್ ಭಾಷೆಗಳನ್ನಾಡುವ ಜನರು ಅಕ್ಕಪಕ್ಕದಲ್ಲಿ ಬಾಳುತ್ತಿರುವರು. ಕುಡುಖಿನಲ್ಲಿ ಕಣ್ಣಿಗೆ ‘ಖನ್’ ಎನ್ನುವರು. ಅದು ಕನ್ನಡದಂತೆಯೇ ದ್ರಾವಿಡ ಭಾಷೆ. ಮುಂಡಾರಿಯಲ್ಲಾದರೋ ಕಣ್ಣು ‘ಮೆದ್’. ಮೇಘಾಲಯದ ಖಾಸಿಯಲ್ಲಿ ‘ಖ್ಮತ್’, ದೂರದ ವಿಯೆಟ್ನಾಮಿನ ನುಡಿಯಲ್ಲಿ ‘ಮತ್’. ಈ ಮೂರೂ ಆಸ್ಟ್ರೋ-ಏಷ್ಯಾಟಿಕ್ ಕುಟುಂಬದವು. ಮುಂಡಾ ಭಾಷೆಗಳು ದ್ರಾವಿಡದಿಂದ ಬೇರೆಯೆಂದು ಮ್ಯಾಕ್ಸ್ ಮುಲ್ಲರ್ ಪಂಡಿತರು 1854ರಲ್ಲಿ ಪ್ರತಿಪಾದಿಸಿದರು. ನೆರೆಯಿಂದ ಎಷ್ಟೇ ಪದಗಳನ್ನು ಎರವಲು ತಂದರೂ ಭಾಷೆಯ ಕುಲವು ಬದಲಾಗದು. ಮಹಾರಾಷ್ಟ್ರದ ಮೇಳಘಾಟಿನ ಕೊರ್ಕು ಜನರ ನುಡಿಯೂ ಮುಂಡಾ ಶಾಖೆಯದೇ. ಅದೇ ಶಾಖೆಯ ಸಂತಾಲಿಗೆ 2003ರ ತಿದ್ದುಪಡಿಯಿಂದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನ ದೊರೆಯಿತು. ವಿದ್ಯಾರ್ಥಿಗಳೇ, ಪರಭಾಷೆಗಳ ನಡುವೆ ತಾಯ್ನುಡಿಯನ್ನು ಕಾಪಾಡಿಕೊಳ್ಳುತ್ತಿರುವ ನಾವು ಇಂಥ ನುಡಿಗಳನ್ನು ಕಾಡುಭಾಷೆಯೆಂದು ಹೀಗಳೆಯುವುದು ಸಲ್ಲದು.