ಮೆಡಿಕಲ್ ಮುಗಿದ ಮೇಲೆ ಮೌನವೇಕೆ?

ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ ಆಗಬೇಕೆಂದು ಎಷ್ಟೋ ಹುಡುಗರು ವರ್ಷಗಟ್ಟಲೆ ಓದುತ್ತಾರೆ. ಎರಡು ಹಂತದ ಕಂಪ್ಯೂಟರ್ ಪರೀಕ್ಷೆ, ಆಪ್ಟಿಟ್ಯೂಡ್ ಟೆಸ್ಟ್, ದಾಖಲೆ ಪರಿಶೀಲನೆ ಎಲ್ಲ ದಾಟಿದ ಮೇಲೆ ಮೆಡಿಕಲ್ ಬರುತ್ತದೆ. ಅಲ್ಲಿ ಇಶಿಹಾರಾ ಪುಸ್ತಕದ ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಕಾಣಿಸದಿದ್ದರೆ ಅಷ್ಟೂ ಓದು ನೀರುಪಾಲು.

ಈ ಹುದ್ದೆಗೆ ಎ-1 ದರ್ಜೆಯ ದೇಹಾರ್ಹತೆ ಬೇಕು. ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಇರಬೇಕು, ಬಣ್ಣ ಗುರುತಿಸಬೇಕು, ಇರುಳಲ್ಲೂ ಕಣ್ಣು ಚುರುಕಾಗಿರಬೇಕು. ಲೇಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಅವಕಾಶವಿಲ್ಲ. ಸಕಲೇಶಪುರದ ಘಾಟಿಯಲ್ಲಿ ಜಡಿಮಳೆಯ ರಾತ್ರಿ ಸಿಗ್ನಲ್ ನೋಡಿ ಗಟ್ಟಿಯಾಗಿ ಕೂಗಿ ಹೇಳಬೇಕಾದವರು ಇವರು. ಹಾಗಾಗಿ ಈ ನಿಯಮ ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಅದನ್ನು ಅಭ್ಯರ್ಥಿಗೆ ಯಾವಾಗ, ಹೇಗೆ ತಿಳಿಸುತ್ತೇವೆ ಎಂಬುದೇ ನನ್ನ ಸಂಕಟ.

ಅಧಿಸೂಚನೆಯಲ್ಲಿ ಎಲ್ಲವೂ ಇರುತ್ತದೆ, ನಿಜ. ಆದರೆ ಹತ್ತಾರು ಪುಟಗಳ ನಡುವೆ ಆ ಸಾಲುಗಳು ಯಾರ ಕಣ್ಣಿಗೆ ಬೀಳುತ್ತವೆ? ಕೆಂಪು-ಹಸಿರು ಬಣ್ಣಗುರುಡು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುವಂಥದ್ದು, ಗಂಡಸರಲ್ಲೇ ಹೆಚ್ಚು. ಎಷ್ಟೋ ಜನರಿಗೆ ತಮಗೆ ಅದಿದೆ ಎಂದೇ ಗೊತ್ತಿರುವುದಿಲ್ಲ.

ಅನ್‌ಫಿಟ್ ಎಂಬ ಒಂದೇ ಮಾತು ಹೇಳಿ ಕಳಿಸುವುದು ಇನ್ನೂ ದೊಡ್ಡ ಅನ್ಯಾಯ. ವೈದ್ಯರ ತೀರ್ಪಿನಲ್ಲಿ ತಪ್ಪಾಗಿದೆ ಎನಿಸಿದರೆ ಪುರಾವೆಯೊಂದಿಗೆ ಒಂದು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಲು ರೈಲ್ವೆ ನಿಯಮದಲ್ಲಿ ದಾರಿಯಿದೆ. ಯಾವ ಪರೀಕ್ಷೆಯಲ್ಲಿ, ಯಾಕೆ ಎಂದು ಬರಹದಲ್ಲಿ ತಿಳಿಸದಿದ್ದರೆ ಆ ಹುಡುಗ ಯಾವ ಪುರಾವೆ ತಂದಾನು?

ಖಾಸಗಿ ಕಂಪನಿಗಳ ಕಥೆಯೂ ಇಷ್ಟೇ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಮೊದಲೇ ಹೇಳದೆ, ತಿಂಡಿ ತಿಂದು ಬಂದವರನ್ನು ವಾಪಸ್ ಕಳಿಸುತ್ತಾರೆ. ಎದೆಯ ಎಕ್ಸ್-ರೇಗೆ ಮುನ್ನ ಮಹಿಳಾ ಅಭ್ಯರ್ಥಿಯನ್ನು ಗರ್ಭಿಣಿಯೇ ಎಂದು ವಿಚಾರಿಸಲೇಬೇಕು. ಆದರೆ ಯಾಕೆ ಕೇಳುತ್ತಿದ್ದೇವೆಂದು ವಿವರಿಸದಿದ್ದರೆ ಕೆಲಸವೇ ಹೋದೀತೆಂದು ಆಕೆ ಹೆದರುತ್ತಾಳೆ. ಆ ಹೆದರಿಕೆಗೆ ಕಾರಣವಿದೆ. ಎಲ್‌ಐಸಿ ನೇಮಕಾತಿಯ ಫಾರಂನಲ್ಲಿ ಮುಟ್ಟು, ಗರ್ಭಧಾರಣೆಯ ವಿವರ ಕೇಳುವ ಕಾಲಂಗಳಿದ್ದವು. ಅವನ್ನು ತೆಗೆಯಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಇದನ್ನು ಅಭ್ಯರ್ಥಿಗೆ ತಿಳಿಸುವವರು ಯಾರು?

ಮರುಪರೀಕ್ಷೆಗೆ ಕರೆದು ಕಾರಣ ಹೇಳದಿದ್ದರೆ ಇಡೀ ಮನೆ ನಿದ್ದೆಗೆಡುತ್ತದೆ. ಸಕ್ಕರೆ ಅಂಶ ತುಸು ಹೆಚ್ಚಿದೆ, ಇನ್ನೊಮ್ಮೆ ನೋಡುತ್ತೇವೆ, ಸೋಮವಾರದೊಳಗೆ ತಿಳಿಸುತ್ತೇವೆ ಎಂದು ಒಂದು ಫೋನ್ ಮಾಡಿದರೆ ಸಾಕು. ವರದಿ ತಡವಾದರೆ ತಡವಾಗಿದೆ ಎಂದಾದರೂ ಹೇಳಬೇಕು.

ಕೋಚಿಂಗ್ ಸೆಂಟರ್‌ಗಳಲ್ಲಿ ನನ್ನ ಮನವಿ: ಶುಲ್ಕ ಕಟ್ಟಿಸಿಕೊಳ್ಳುವ ಮುನ್ನ ಎ-1 ನಿಯಮವನ್ನು ಕನ್ನಡದಲ್ಲಿ ಓದಿ ಹೇಳಿ. ಲೋಕೋ ಪೈಲಟ್ ಆಗಬೇಕೆಂದಿರುವವರೇ, ಪುಸ್ತಕ ಕೊಳ್ಳುವ ಮೊದಲು ಕಣ್ಣಿನ ವೈದ್ಯರ ಬಳಿ ಬಣ್ಣದ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ಕೆಲವೇ ನಿಮಿಷ ಸಾಕು.